ಗಾಡಿಯ ಕಿಲೋಮೀಟರ್ ಲೆಕ್ಕ: ಬಿಲ್ಲಿನಲ್ಲೂ ರಿಟರ್ನಿನಲ್ಲೂ ದುಡ್ಡು ತಂದದ್ದು ಹೇಗೆ

“ಎಲ್ಲಾರೂ ಲಂಪ್‌ಸಮ್ ಹಾಕ್ತಾರ, ನೀವೊಬ್ರ ಡೈರಿ ಹಿಡ್ಕೊಂಡ ಅಡ್ಡಾಡ್ತೀರಿ ನೋಡ್ರಿ” ಎಂದವರು ಗಿರಾಕಿಗಳ ಅಕೌಂಟೆಂಟರು. ಗಾಡಿ ಓಡಿದ ಕಿಲೋಮೀಟರ್ ದಿನಾ ಬರೆದಿಡುವ ಡೈರಿ ಅದು. ನಮ್ಮ ಲೈನಿನವರೂ ನಕ್ಕರು. 2025-26ರ ಲೆಕ್ಕ ಮುಗಿದ ಮೇಲೆ ಅದೇ ಡೈರಿಯ ಫೋಟೋ ಕೇಳಿದವರೂ ಇವರೇ, ಹಾಗಾಗಿ ಬರೆಯುತ್ತಿದ್ದೇನೆ. ಕೆಲಸ ಕೋಲ್ಡ್ ಸ್ಟೋರೇಜ್ ಮೇಂಟೆನೆನ್ಸ್. ಶೆಡ್ ಹುಬ್ಬಳ್ಳಿಯಲ್ಲಿ, ಹೆಚ್ಚಿನ ಕೆಲಸ ಬ್ಯಾಡಗಿ, ಹಾವೇರಿ, ಗದಗ ಕಡೆ. ಇಲ್ಲಿನ ತೆರಿಗೆ ಸೆಕ್ಷನ್ ನಂಬರ್‌ಗಳು 1961ರ ಆದಾಯ ತೆರಿಗೆ ಕಾಯ್ದೆಯವು. 1-4-2026ರಿಂದ ಹೊಸ ಕಾಯ್ದೆ ಬಂದು ನಂಬರ್ ಬದಲಾಗಿವೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಸ್ವಂತ ಉದ್ಯೋಗದವರಿಗೆ ‘ಕಿಲೋಮೀಟರಿಗೆ ಇಷ್ಟು’ ಎಂದು ನಮ್ಮ ಆದಾಯ ತೆರಿಗೆಯಲ್ಲಿ ರೇಟೇ ಇಲ್ಲ. ನಿಜವಾಗಿ ಆದ ಖರ್ಚು, ಅದರಲ್ಲಿ ಧಂದೆಗೆ ಓಡಿದ ಪಾಲು, ಅಷ್ಟೇ ಸಿಗುವುದು. ಉಳಿದ ಪಾಲನ್ನು 38(2)ರಲ್ಲಿ ಕತ್ತರಿಸುತ್ತಾರೆ. ಆ ಪಾಲು ಎಷ್ಟು ಎಂದು ಹೇಳುವುದಕ್ಕೇ ಡೈರಿ ಬೇಕು.

44ಎಡಿಯಲ್ಲಿ, ಅಂದರೆ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವ ಪದ್ಧತಿಯಲ್ಲಿ, ಇರುವವರು ಇದನ್ನೆಲ್ಲ ತೆರಿಗೆಗಾಗಿ ಮಾಡಬೇಕಿಲ್ಲ. ಅಲ್ಲಿ ಶೇ. 8 ಅಥವಾ ಬ್ಯಾಂಕಿಗೆ ಬಂದ ಹಣಕ್ಕೆ ಶೇ. 6 ಲಾಭ ತೋರಿಸಿದರೆ ಮುಗಿಯಿತು, ಪೆಟ್ರೋಲ್, ಸವಕಳಿ (ಗಾಡಿ ಹಳೆಯದಾದಂತೆ ಇಳಿಯುವ ಬೆಲೆ) ಎಲ್ಲ ಅದರೊಳಗೇ ಬಂತು. ನನಗೆ ಆ ಬಾಗಿಲು ಮುಚ್ಚಿದ್ದು ಕಂಪ್ರೆಸರ್ ಮಾರಿಸಿಕೊಟ್ಟ ಕಮಿಷನ್‌ನಿಂದ. ವರ್ಷಕ್ಕೆ ಐವತ್ತು-ಅರವತ್ತು ಸಾವಿರವೇ ಇರಲಿ, ಕಮಿಷನ್ ಆದಾಯ ಇದ್ದವರಿಗೆ 44ಎಡಿ ಇಲ್ಲ. ಇದನ್ನು ಬಹಳ ಮಂದಿ ನೋಡುವುದೇ ಇಲ್ಲ. ವಹಿವಾಟು ಕೋಟಿಯೊಳಗೆ, ಹಿಂದೆ 44ಎಡಿ ಹಾಕಿಯೂ ಇರಲಿಲ್ಲ, ಹಾಗಾಗಿ ಆಡಿಟ್ ಬೇಕಾಗಲಿಲ್ಲ.

ಲೆಕ್ಕ ಇಡಲು ಹೋಗಿ ಕೆಟ್ಟುಹೋದ ಪ್ರಯತ್ನಗಳು ಮೂರು. ಮೊದಲನೆಯದು ಪೆಟ್ರೋಲ್ ಚೀಟಿ ಕೂಡಿಡುವುದು. ಥರ್ಮಲ್ ಕಾಗದ, ಬ್ಯಾಡಗಿಯ ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಮಾರ್ಚ್ ಹೊತ್ತಿಗೆ ಬಿಳಿ ಹಾಳೆ. ಉಳಿದವುಗಳ ಮೇಲೆ ಗಾಡಿ ನಂಬರೇ ಇರಲಿಲ್ಲ. ಎರಡನೆಯದು ಮೊಬೈಲ್ ಆ್ಯಪ್. ತಗಡಿನ ಶೆಡ್‌ನಲ್ಲಿ ಸಿಗ್ನಲ್ ಹೋಗುತ್ತದೆ, ಸಂಜೆಗೆ ಬ್ಯಾಟರಿ ಸಾಯುತ್ತದೆ, ರೈಲಿನಲ್ಲಿ ಗದಗಕ್ಕೆ ಹೋದದ್ದನ್ನೂ ಕಾರಿನ ಲೆಕ್ಕಕ್ಕೆ ಹಾಕಿತ್ತು. ಮೂರನೆಯದು ವರ್ಷದ ಕೊನೆಗೆ ನೆನಪಿನಿಂದ ಎಕ್ಸೆಲ್ ತುಂಬುವುದು. ಎಲ್ಲ 80, 100, 200 ಎಂಬ ದುಂಡು ಅಂಕಿ. ಕೂಡಿಸಿದರೆ ಸರ್ವಿಸ್ ಬಿಲ್ಲಿನ ರೀಡಿಂಗ್‌ಗಿಂತ ಎರಡು ಸಾವಿರ ಕಿಲೋಮೀಟರ್ ಜಾಸ್ತಿ! ಯಾವ ಅಧಿಕಾರಿಯೂ ಬೇಡ, ಎರಡು ಸರ್ವಿಸ್ ಬಿಲ್ ಪಕ್ಕಪಕ್ಕ ಇಟ್ಟರೆ ಸುಳ್ಳು ತಾನೇ ಹೊರಬೀಳುತ್ತದೆ.

ಕೊನೆಗೆ ನಿಂತದ್ದು ನೂರು ಪುಟದ ನೋಟ್‌ಬುಕ್, ಡ್ರೈವರ್ ಬಾಗಿಲಿನ ಖಾನೆಯಲ್ಲಿ, ದಾರ ಕಟ್ಟಿದ ಪೆನ್ನಿನ ಜೊತೆ. ಒಂದು ಸಾಲು ಹೀಗಿರುತ್ತದೆ: ‘ಶೆಡ್ – ಬ್ಯಾಡಗಿ – ಶೆಡ್, 48,212 – 48,406, 194, ಕಂಡೆನ್ಸರ್ ಫ್ಯಾನ್ ಮೋಟರ್, ಜಾಬ್ ಶೀಟ್ 117’. ಜಾಬ್ ಶೀಟ್ (ಗಿರಾಕಿಯ ಕೆಲಸದ ಚೀಟಿ) ನಂಬರ್ ಇದ್ದರೆ ಮಾತ್ರ ಆ ಸಾಲು ಧಂದೆಯದ್ದು. ಬರುವಾಗ ಕಾಗಿನೆಲೆಗೆ ತಿರುಗಿದರೆ ಆ ಸುತ್ತನ್ನು ಬೇರೆ ಸಾಲಿನಲ್ಲಿ ‘ಸ್ವಂತ’ ಎಂದು ಬರೆಯಬೇಕು. ಸ್ವಂತದ ಸಾಲು ಒಂದೂ ಇಲ್ಲದ ಡೈರಿಯನ್ನು ಯಾರೂ ನಂಬುವುದಿಲ್ಲ. ದಿನಕ್ಕೆ ಎರಡು ಸಲ ರೀಡಿಂಗ್ ಫೋಟೋ. ಬಂಕಾಪುರ ಟೋಲ್‌ನ ಫಾಸ್ಟ್ಯಾಗ್ ಸ್ಟೇಟ್‌ಮೆಂಟಿನಲ್ಲಿ ದಿನಾಂಕ, ಸಮಯ ಎರಡೂ ಇರುತ್ತವೆ, ಡೈರಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಪೆಟ್ರೋಲಿಗೆ ಬೇರೆ ಖಾತೆಯಿಂದ ಮಾತ್ರ ಯುಪಿಐ. ಚೀಟಿ ಕೂಡಿಡುವ ಗೋಳು ಅಲ್ಲಿಗೆ ಮುಗಿಯಿತು.

ಈಗ ಅಂಕಿ, ನೆನಪಿನಲ್ಲಿದ್ದಂತೆ. ನನ್ನ ಮಾರುತಿ ಈಕೋ ವ್ಯಾನ್ ವರ್ಷಕ್ಕೆ ಸುಮಾರು 26,000 ಕಿಮೀ ಓಡಿತು, ಧಂದೆಗೆ 21,000. ಅಂದರೆ ಶೇ. 81. ಪೆಟ್ರೋಲ್ 1.77 ಲಕ್ಷ (15ರ ಮೈಲೇಜ್ ಮೇಲೆ), ಇನ್ಶೂರೆನ್ಸ್ 14 ಸಾವಿರ, ಸರ್ವಿಸ್ ಮತ್ತು ಟೈರ್ 32, ಸಾಲದ ಬಡ್ಡಿ 22, ಸವಕಳಿ 4.2 ಲಕ್ಷದ ಮೇಲೆ ಶೇ. 15, ಅಂದರೆ 63 ಸಾವಿರ. ಒಟ್ಟು 3.08 ಲಕ್ಷ. ಅದರ ಶೇ. 81 ಎಂದರೆ ಎರಡೂವರೆ ಲಕ್ಷ. ಟೋಲ್ ಇದರ ಹೊರಗೆ, ಅದು ಕೆಲಸದ್ದೇ ಆದ್ದರಿಂದ ಪೂರ್ತಿ.

ವಾಹನ ಖರ್ಚು ತೆಗೆಯುವ ಮುಂಚೆ ಲಾಭ 13.6 ಲಕ್ಷದ ಆಸುಪಾಸು. ಹಾಗೇ ಬಿಟ್ಟಿದ್ದರೆ ಹೊಸ ತೆರಿಗೆ ಪದ್ಧತಿಯಲ್ಲಿ (ನ್ಯೂ ರೆಜೀಮ್) ಸೆಸ್ ಸೇರಿ 87 ಸಾವಿರ ತೆರಿಗೆ. ಎರಡೂವರೆ ಲಕ್ಷ ಕಳೆದರೆ 11.1 ಲಕ್ಷ, 12 ಲಕ್ಷದೊಳಗೆ ಬಂತು, ರಿಯಾಯಿತಿಯಿಂದ ತೆರಿಗೆ ಸೊನ್ನೆ. ‘ಹೊಸ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲ’ ಎನ್ನುವವರಿಗೆ ಹೇಳಿ: ಇಲ್ಲದ್ದು ಎಲ್‌ಐಸಿ, ಪಿಪಿಎಫ್ ಥರದವು. ಧಂದೆಯ ಖರ್ಚು ಎರಡೂ ಪದ್ಧತಿಯಲ್ಲಿ ಸಿಗುತ್ತದೆ.

ಹಣ ಹೋಗುವ ತೂತುಗಳು. ನಾಲ್ಕು ಟೈರಿಗೆ 18 ಸಾವಿರ ನಗದು ಕೊಟ್ಟರೆ 40ಎ(3)ರಲ್ಲಿ ಪೂರ್ತಿ ಹೋಯಿತು. ಒಬ್ಬರಿಗೆ ಒಂದೇ ದಿನ 10 ಸಾವಿರ ದಾಟಬಾರದು. ಇನ್ನೂ ದೊಡ್ಡದು, ಸೆಕೆಂಡ್‌ಹ್ಯಾಂಡ್ ಗಾಡಿಯನ್ನು ನಗದಿನಲ್ಲಿ ಕೊಂಡರೆ ಆ ಮೊತ್ತಕ್ಕೆ ಸವಕಳಿಯೇ ಇಲ್ಲ. ನಮ್ಮ ಕಡೆ ಹಳೇ ಗಾಡಿ ವ್ಯವಹಾರ ಅರ್ಧ ನಗದಿನಲ್ಲೇ ನಡೆಯುವುದು, ಜೋಕೆ. ದಸರಾ-ದೀಪಾವಳಿ ಆಫರ್ ನೋಡಿ ಕೊಂಡು 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷ ಸವಕಳಿ ಅರ್ಧ. ಟ್ರಾಫಿಕ್ ದಂಡ ಎಂದೂ ಖರ್ಚಲ್ಲ. ಖಾನಾವಳಿಯವರು ಬಿಲ್ ಕೊಡುವುದಿಲ್ಲ, ಅದಕ್ಕೆ ನಾವೇ ವೋಚರ್ ಬರೆದು ಸಹಿ ಹಾಕಿ ಇಡುತ್ತೇವೆ. ನೂರಿನ್ನೂರರ ವೋಚರ್ ನಡೆಯುತ್ತದೆ, ದಿನಾ ಐನೂರು ಬರೆದರೆ ನಗುತ್ತಾರೆ. ಜಿಎಸ್‌ಟಿ ಕಡೆ ಆಸೆ ಬೇಡ. ಪೆಟ್ರೋಲಿಗೆ ಜಿಎಸ್‌ಟಿ ಇಲ್ಲ, ಸೀಟಿನ ಗಾಡಿಗೂ ಅದರ ರಿಪೇರಿಗೂ ಜಿಎಸ್‌ಟಿ ಕಾಯ್ದೆಯ 17(5)ರಲ್ಲಿ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯನ್ನು ನಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಬಂದ್. ಗಾಡಿ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಅದರ ಬೆಲೆಗೆ ಸೇರಿಸಿ ಸವಕಳಿ ತೆಗೆದುಕೊಳ್ಳಿ. ಕಾರ್ಗೋ ಗಾಡಿಗೆ ಕ್ರೆಡಿಟ್ ಉಂಟು, ನನ್ನ ಮುಂದಿನ ಗಾಡಿ ಅದೇ.

ನಡುವೆ ಬೈಕಿನದ್ದೂ ನೋಡಿದೆ. ಹುಬ್ಬಳ್ಳಿಯ ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಎಲ್ಲ ಸೇರಿ ಕಿಲೋಮೀಟರಿಗೆ ನಾಲ್ಕು ರೂಪಾಯಿಯೊಳಗೆ, ಅದಕ್ಕೆ ಬೇರೆ ಡೈರಿ. ಬ್ಯಾಡಗಿಗೆ ಬಸ್ಸಿನಲ್ಲಿ ಹೋಗಿ ಮೋಟೆಬೆನ್ನೂರಿನಲ್ಲಿ ಆಟೊ ಹಿಡಿಯುವುದು ಎಲ್ಲಕ್ಕಿಂತ ಅಗ್ಗ, ಆದರೆ ವ್ಯಾಕ್ಯೂಮ್ ಪಂಪ್ ಹೊತ್ತು ಒಮ್ಮೆ ಹೋದವರು ಮತ್ತೆ ಹೋಗುವುದಿಲ್ಲ.

ತೆರಿಗೆಗಿಂತ ಹೆಚ್ಚು ದುಡ್ಡು ಬರಬೇಕಾದದ್ದು ಗಿರಾಕಿಯಿಂದ. 3.08 ಲಕ್ಷವನ್ನು 26,000ಕ್ಕೆ ಭಾಗಿಸಿ: ಕಿಲೋಮೀಟರಿಗೆ 12 ರೂಪಾಯಿ. ನಮ್ಮವರು ಪೆಟ್ರೋಲ್ ಮಾತ್ರ ಲೆಕ್ಕ ಹಿಡಿದು 7 ಎನ್ನುತ್ತಾರೆ. ಬ್ಯಾಡಗಿಯ 194 ಕಿಮೀ 12ರಂತೆ 2,328, 7ರಂತೆ 1,358. ಒಂದು ಟ್ರಿಪ್ಪಿಗೆ 970 ಕೈಬಿಟ್ಟ ಹಾಗೆ, ವರ್ಷಕ್ಕೆ ಅರವತ್ತು ಟ್ರಿಪ್ ಹಿಡಿದರೆ 58 ಸಾವಿರ. ಬಿಲ್ಲಿನಲ್ಲಿ ಕಿಮೀ ಬೇರೆ ಸಾಲು, ಪಕ್ಕದಲ್ಲಿ ಎರಡೂ ರೀಡಿಂಗ್, ಹಿಂದೆ ಫೋಟೋ ಪಿನ್. ಆ ಸಾಲಿಗೂ ಶೇ. 18 ಜಿಎಸ್‌ಟಿ ಹಾಕಲೇಬೇಕು, ಅದು ನಮ್ಮ ಸೇವೆಯ ಬೆಲೆಯ ಭಾಗ. ಗಿರಾಕಿ ಮುಂಗಡ ಮುರಿದುಕೊಳ್ಳುವ ತೆರಿಗೆ, ಅಂದರೆ 194ಸಿ ಟಿಡಿಎಸ್, ಅದರ ಮೇಲೂ ಶೇ. 1 ಕತ್ತರಿಸುತ್ತಾರೆ, ಜಗಳ ಬೇಡ, ನಮ್ಮ ಹೆಸರಿಗೆ ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಬರುತ್ತದೆ. ಜಿಎಸ್‌ಟಿ ಮೊತ್ತದ ಮೇಲೆ ಕತ್ತರಿಸಿದರೆ ಮಾತ್ರ ಕೇಳಿ. ಹಾಗೆ ಬಂದ ಕಿಮೀ ಹಣವನ್ನು ಆದಾಯದಲ್ಲಿ ತೋರಿಸದೆ ಪೆಟ್ರೋಲ್ ಮಾತ್ರ ಖರ್ಚು ಹಾಕಿದರೆ 26ಎಎಸ್‌ಗೂ ರಿಟರ್ನ್‌ಗೂ ತಾಳೆ ಬರದೆ ನೋಟಿಸ್ ಖಚಿತ.

“ಹೋಗೂದಕ್ಕಷ್ಟ ಕೊಡ್ತೀವ್ರಿ, ಬರೂದು ನಿಮ್ಮ ಮನಿ ಹಾದಿ” ಎನ್ನುವ ಗಿರಾಕಿಗಳನ್ನು ಎರಡೂ ಕಡೆಯ ದುಡ್ಡಿಗೆ ಒಪ್ಪಿಸುವ ದಾರಿಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ಅರ್ಧ ಮಂದಿ ಅದೇ ಕೋಲ್ಡ್ ಸ್ಟೋರೇಜ್‌ಗಳಿಗೆ ಕೊಟೇಶನ್ ಹಾಕುವವರು. ಇಷ್ಟು ಹೇಳುತ್ತೇನೆ, ಆ ಮಾತು ಆಡಬೇಕಾದದ್ದು ಜನವರಿಯೊಳಗೆ, ಮೆಣಸಿನಕಾಯಿ ಚೀಲ ಒಳಗೆ ಬೀಳುವ ಮುಂಚೆ.