ಹೆಡ್ ಹೋಗಿರಲಿಲ್ಲ, ಒಣಗಿತ್ತು

"ಹೆಡ್ ಹೋಗ್ಯಾದ ಸರ್. ಹೊಸಾದು ಹಾಕಬೇಕು, ಐದು ಸಾವಿರದ ಮ್ಯಾಲೆ ಆಗ್ತದ."

ರಿಪೇರಿ ಅಂಗಡಿಯ ಹುಡುಗ ಹೀಗೆ ಹೇಳಿದ ಪ್ರಿಂಟರ್ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಹೆಡ್ ಅಂದರೆ ಹಾಳೆ ಮೇಲೆ ಇಂಕ್ ಚಿಮ್ಮಿಸುವ ಭಾಗ. ಆಮೇಲೆ ಅದರಲ್ಲಿ ಕಡಿಮೆ ಅಂದರೂ 9 ಸಾವಿರ ಹಾಳೆ ತೆಗೆದಿದ್ದೇನೆ. ಕೊನೆಗೆ ಫಲ ಕೊಟ್ಟ ವಿಧಾನಕ್ಕೆ ಖರ್ಚಾಗಿದ್ದು ನೂರು ರೂಪಾಯಿಯೊಳಗೆ. ಅದಕ್ಕೂ ಮೊದಲು ತಪ್ಪು ದಾರಿಯಲ್ಲಿ ಕಳೆದದ್ದು ಸುಮಾರು 1,500. ಎರಡನ್ನೂ ಹೇಳುತ್ತೇನೆ.

ನಾವಿರುವುದು ರಾಯಚೂರಿನಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ ಸೇರಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇವೆ. ಪ್ರಶ್ನೆಪತ್ರಿಕೆಗೆ ಅಂತಲೇ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಂಡಿದ್ದು. ಅದರದು ಪೀಜೋ ಹೆಡ್, ಅಂದರೆ ಇಂಕನ್ನು ಕಾಯಿಸದೆ ಒತ್ತಿ ಚಿಮ್ಮಿಸುವುದು. ಕಪ್ಪು ಪಿಗ್ಮೆಂಟ್ ಇಂಕ್ (ನೀರಿನಲ್ಲಿ ಕರಗದ ನುಣ್ಣನೆ ಪುಡಿ), ಉಳಿದ ಮೂರು ಬಣ್ಣ ಡೈ ಇಂಕ್ (ನೀರಿನಲ್ಲಿ ಕರಗುವ ಬಣ್ಣ). ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋದೆವು. ಮದುವೆ, ಮನೆ ಕೆಲಸ ಅಂತ 50 ದಿನ ಕಳೆಯಿತು. ಹೊರಡುವ ಗಡಿಬಿಡಿಯಲ್ಲಿ ಪ್ರಿಂಟರಿನ ಬಟನ್ ಒತ್ತದೆ ಗೋಡೆಯ ಸ್ವಿಚ್ಚನ್ನೇ ಆರಿಸಿದ್ದೆ. ಹಾಳೆ ಸಿಕ್ಕಿಹಾಕಿಕೊಂಡು ಹೆಡ್ ನಡುವೆಯೇ ನಿಂತಿತ್ತು. ಕೆಲಸವಿಲ್ಲದಾಗ ಹೆಡ್ ಒಣಗದಂತೆ ಮುಚ್ಚುವ ರಬ್ಬರ್ ಅಂಚಿನ ಬಟ್ಟಲೇ ಕ್ಯಾಪ್. ಕ್ಯಾಪ್ ಮೇಲೆ ಕೂರದ ಹೆಡ್, ಮೇಲೆ 42 ಡಿಗ್ರಿ ಬಿಸಿಲು, ಮುಚ್ಚಿದ ಮನೆ. ಇನ್ನೇನಾಗುತ್ತದೆ ಅಲ್ವಾ?

ಬಂದು ನೋಝಲ್ ಚೆಕ್ (ಹೆಡ್ಡಿನ ಪ್ರತಿ ತೂತಿನಿಂದ ಗೆರೆ ಬರುತ್ತದೆಯೇ ಅಂತ ನೋಡುವ ಹಾಳೆ) ತೆಗೆದರೆ ಕಪ್ಪಿನಲ್ಲಿ ಮುಕ್ಕಾಲು ಪಾಲು ಗೆರೆ ಇಲ್ಲ. ನೀಲಿಯಲ್ಲಿ ನಾಲ್ಕೈದು ಗೆರೆ ಮಾಯ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಯಂತ್ರವೇ ಹೆಡ್ಡಿನಿಂದ ಇಂಕ್ ಎಳೆದು ತೂತು ಬಿಡಿಸುವ ಹೆಡ್ ಕ್ಲೀನಿಂಗ್ ಆರು ಸಲ. ಆಮೇಲೆ ಇನ್ನೂ ಜೋರಾಗಿ ಎಳೆಯುವ ಪವರ್ ಕ್ಲೀನಿಂಗ್, ನಡುವೆ ಹನ್ನೆರಡು ಗಂಟೆ ಬಿಟ್ಟು ಮೂರು ಸಲ. ಬಣ್ಣದ ಟ್ಯಾಂಕುಗಳು ಸರಸರ ಇಳಿದವು. 600 ರೂಪಾಯಿ ಇಂಕ್ ನೇರ ವೇಸ್ಟ್ ಪ್ಯಾಡಿಗೆ, ಅಂದರೆ ಚೆಲ್ಲಿದ ಇಂಕ್ ಹೀರುವ ದಿಂಬಿಗೆ. ಪ್ಯಾಡ್ ತುಂಬಿತು ಅಂತ ಯಂತ್ರವೇ ನಿಂತಿತು. ಅದರ ಲೆಕ್ಕ ಇಡುವ ಕೌಂಟರ್ ರೀಸೆಟ್ ಮಾಡಿಸಲು 300 ಕೊಟ್ಟೆ. ಪ್ಯಾಡನ್ನು ಬಕೆಟ್ಟಿನಲ್ಲಿ ಹತ್ತು ನೀರು ಬದಲಿಸಿ ತೊಳೆದು ಮಾಳಿಗೆ ಮೇಲೆ ಒಣಗಿಸಿದೆ. ನಮ್ಮ ಬಿಸಿಲಿಗೆ ಒಂದೇ ದಿನ ಸಾಕಾಯಿತು.

ನಂತರ ಸರ್ಜಿಕಲ್ ಸ್ಪಿರಿಟ್. ಇದನ್ನು ಹೇಳಿಕೊಟ್ಟವರು ಬಹಳ ಜನ. ಸ್ಪಿರಿಟ್ ಹಾಕಿದ ಮರುದಿನ ಇದ್ದ ಕಾಲು ಪಾಲು ಕಪ್ಪೂ ಹೋಯಿತು. ಯಾಕೆ ಅಂತ ತಿಳಿಯಲೇಬೇಕು ಅನ್ನಿಸಿತು. ಒಂದು ಬಿಳಿ ಟೈಲ್ಸ್ ತುಂಡಿನ ಮೇಲೆ ಕಪ್ಪು ಮತ್ತು ನೀಲಿ ಇಂಕಿನ ಹನಿಗಳನ್ನು ಸಾಲಾಗಿ ಇಟ್ಟು ನಾಲ್ಕು ದಿನ ಒಣಗಿಸಿದೆ. ಆಮೇಲೆ ಒಂದೊಂದರ ಮೇಲೆ ಒಂದೊಂದು ದ್ರವ ಬಿಟ್ಟೆ. ನೀಲಿ ಹನಿ ಬರೀ ನೀರಿಗೇ ಕರಗಿ ಹರಿಯಿತು. ಕಪ್ಪು ಹಾಗಲ್ಲ. ಸ್ಪಿರಿಟ್ ಬಿದ್ದ ಕಡೆ ಹಾಲು ಒಡೆದಂತೆ ಕಾಳುಕಾಳಾಯಿತು. ಅದು ಕೂದಲಿಗಿಂತ ಸಣ್ಣ ತೂತಿನಲ್ಲಿ ಹೇಗೆ ಹೊರಗೆ ಬಂದೀತು? ಕನ್ನಡಿ ಒರೆಸುವ ದ್ರವ ಪರವಾಗಿರಲಿಲ್ಲ, ಆದರೆ ನೊರೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಬೆಚ್ಚಗಿನ ಡಿಸ್ಟಿಲ್ಡ್ ವಾಟರ್ (ಬ್ಯಾಟರಿಗೆ ಹಾಕುವ ನೀರು), ಅದೂ ಎಂಟು ಗಂಟೆ ಬಿಟ್ಟ ಮೇಲೆ. ಅರ್ಧ ಗಂಟೆಗೆ ನೋಡಿದಾಗ ಏನೂ ಆಗಿರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ನೋಡಿದೆ. ಸ್ಟೀಲ್ ತಟ್ಟೆಯ ಮೇಲೆ ಬೋರ್‌ವೆಲ್ ನೀರು, ಆರ್‌ಓ ನೀರು, ಬ್ಯಾಟರಿ ನೀರು, ಮೂರರ ಹನಿಯನ್ನೂ ಆರಲು ಬಿಟ್ಟೆ. ಬೋರಿನದು ಸುಣ್ಣದಂತೆ ಬಿಳಿ ಕಲೆ ಬಿಟ್ಟಿತು. ಆರ್‌ಓದು ತೆಳ್ಳಗೆ. ಬ್ಯಾಟರಿ ನೀರಿನದು ಏನೂ ಇಲ್ಲ. ನಲ್ಲಿ ನೀರಿನಲ್ಲಿ ಹೆಡ್ ತೊಳೆಯುವವರು ದಯವಿಟ್ಟು ಒಂದು ಸಲ ಇದನ್ನು ಮಾಡಿ ನೋಡಿ.

ಈ ನಡುವೆ ಒಂದು ದಿನ ಬೇಸತ್ತು 20 ಎಂಎಲ್ ಸಿರಿಂಜಿನಿಂದ ಹೆಡ್ಡಿಗೆ ನೀರು ಜೋರಾಗಿ ಒತ್ತಿದೆ. ನಳಿಗೆ ಹಾರಿ ನೀರು ಹೆಡ್ಡಿನ ರಿಬ್ಬನ್ ಕೇಬಲ್ ಮೇಲೆ ಬಿತ್ತು. ಪ್ಲಗ್ ತೆಗೆದಿದ್ದೆ, ಹಾಗಾಗಿ ಬೋರ್ಡ್ ಉಳಿಯಿತು. ಎರಡು ದಿನ ಒಣಗಿಸಿದ ಮೇಲೆಯೇ ಕರೆಂಟ್ ಕೊಟ್ಟಿದ್ದು. ನನ್ನ ಅವಸ್ಥೆ ನೋಡಿ ಅವ್ವ ಹೇಳಿದ್ದು ಇಷ್ಟು: "ತಮ್ಮಾ, ತಳ ಹತ್ತಿದ ಬೋಗಾಣಿ ಯಾರರ ಲಗೂನ ತಿಕ್ಕತಾರೇನು? ನೆನಿ ಇಡಬೇಕು." ಟೈಲ್ಸ್ ಮೇಲಿನ ಹನಿ ಹೇಳಿದ್ದೂ ಅದನ್ನೇ.

ಆಗ ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಅಷ್ಟೆಲ್ಲ ಪವರ್ ಕ್ಲೀನಿಂಗ್ ಮಾಡಿದಾಗ ಬಣ್ಣದ ಟ್ಯಾಂಕ್ ಇಳಿದಿತ್ತು, ಕಪ್ಪು ಟ್ಯಾಂಕಿನ ಮಟ್ಟ ಮಾತ್ರ ಅಲ್ಲಾಡಿರಲಿಲ್ಲ! ಅಂದರೆ ಕಪ್ಪನ್ನು ಯಂತ್ರ ಎಳೆಯುತ್ತಲೇ ಇರಲಿಲ್ಲ. ನನ್ನ ಯಂತ್ರದ ಕ್ಯಾಪಿನಲ್ಲಿ ಎರಡು ಗುಣಿ ಇವೆ, ಒಂದು ಕಪ್ಪಿಗೆ, ಒಂದು ಬಣ್ಣಕ್ಕೆ. ಎರಡಕ್ಕೂ ಒಂದೊಂದು ಎಂಎಲ್ ನೀರು ಬಿಟ್ಟು ಕ್ಲೀನಿಂಗ್ ಕೊಟ್ಟೆ. ಬಣ್ಣದ ಗುಣಿ ಖಾಲಿಯಾಯಿತು. ಕಪ್ಪಿನ ಗುಣಿಯಲ್ಲಿ ನೀರು ಹಾಗೇ ನಿಂತಿತ್ತು. ಅದರ ತಳದ ನಳಿಗೆಯೇ ಗಟ್ಟಿಯಾಗಿತ್ತು, ರಬ್ಬರ್ ಅಂಚಿನ ಮೇಲೂ ಹೆಕ್ಕಳೆ. ಹೆಡ್ ಹೋಗಿದೆ ಅಂದ ಹುಡುಗ ಕ್ಯಾಪಿನ ಕಡೆ ನೋಡಿಯೇ ಇರಲಿಲ್ಲ.

ಅಲ್ಲಿಂದ ಕೆಲಸ ದಾರಿಗೆ ಬಂತು. ಯಂತ್ರ ಆನ್ ಮಾಡಿ, ಹೆಡ್ ಬಲಗಡೆಯಿಂದ ಹೊರಟ ಕೂಡಲೇ ಪ್ಲಗ್ ಕಿತ್ತರೆ ಅದು ಕೈಯಿಂದ ಸರಿಯುತ್ತದೆ. ಕ್ಯಾಪನ್ನು ಚಾಳೀಸು ಒರೆಸುವ ಬಟ್ಟೆಯಿಂದ ಒರೆಸಿದೆ. ಕಿವಿಕಡ್ಡಿ ಬೇಡ, ಹತ್ತಿಯ ಎಳೆ ಬಿಡುತ್ತದೆ. ತಳದ ನಳಿಗೆಗೆ ಮೂರು ಸಲ ಬೆಚ್ಚಗಿನ ನೀರು ಬಿಟ್ಟು ಹೀರಿದೆ. ಅದು ಬಿಟ್ಟುಕೊಂಡಾಗ ಕರೀ ಗಸಿ ಸಿರಿಂಜಿಗೆ ಬಂತು. ಗಟ್ಟಿಯಾದ ರಬ್ಬರಿನ ಅಂಚನ್ನು ಮತ್ತೆ ಮೆತ್ತಗೆ ಮಾಡಲು ನಾನು ಒಂದು ವಸ್ತು ಹಚ್ಚುತ್ತೇನೆ. ಅದನ್ನು ಬರೆಯುವುದಿಲ್ಲ, ಅದರಿಂದ ನನಗೆ ಒಂದಿಷ್ಟು ಕೆಲಸ ಬರುತ್ತಿದೆ. ಅದಿಲ್ಲದೆಯೂ ಹತ್ತರಲ್ಲಿ ಏಳು ಯಂತ್ರ ಸರಿಹೋಗುತ್ತವೆ.

ಆಮೇಲೆ ಎರಡೂ ಗುಣಿ ತುಂಬ ಬೆಚ್ಚಗಿನ ಬ್ಯಾಟರಿ ನೀರು. ಹೆಡ್ಡನ್ನು ಅದರ ಮೇಲೆ ತಂದು ಕೂರಿಸಿ ರಾತ್ರಿ ಮಲಗುವುದು. ಬೆಳಿಗ್ಗೆ ಒಂದೇ ಒಂದು ಕ್ಲೀನಿಂಗ್, ಒಂದೇ ಚೆಕ್. ಮೊದಲ ರಾತ್ರಿ ಕಳೆದಾಗ ಕಪ್ಪು ಅರ್ಧ ಬಂತು. ಎರಡನೇ ರಾತ್ರಿಗೆ ಮುಕ್ಕಾಲು. ಮೂರನೇ ರಾತ್ರಿ ಏನೂ ಮುಂದೆ ಹೋಗಲಿಲ್ಲ. ಆಗ ಮಾತ್ರ ಸಿರಿಂಜ್ ಹಿಡಿದೆ, ಅದೂ 5 ಎಂಎಲ್‌ನದು. ಹೆಡ್ ಮೇಲೆ ಕೂರುವ ಸಣ್ಣ ಇಂಕ್ ಡಬ್ಬಿ, ಅಂದರೆ ಡ್ಯಾಂಪರ್ ತೆಗೆದು, ಹೆಡ್ಡಿಗೆ ಕಪ್ಪು ಇಂಕ್ ಇಳಿಯುವ ಮೊಲೆಗೆ ಸಲೈನ್ ಪೈಪಿನ ಎರಡು ಇಂಚು ತುಂಡು ಸಿಕ್ಕಿಸಿ, ಕೆಳಗೆ ಬಟ್ಟೆ ಮಡಚಿ ಇಟ್ಟೆ. ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವಷ್ಟು ಮೆಲ್ಲಗೆ ಒತ್ತಿದೆ. 3 ಎಂಎಲ್ ಇಳಿಸಲು ಹತ್ತು ನಿಮಿಷ. ನಡುವೆ ಸ್ವಲ್ಪ ಹಿಂದಕ್ಕೆ ಎಳೆಯಬೇಕು, ಮತ್ತೆ ಒತ್ತಬೇಕು. ಬೆರಳಿಗೆ ತಡೆ ಸಿಕ್ಕರೆ ನಿಲ್ಲಿಸಿ ಇನ್ನೊಂದು ರಾತ್ರಿ ನೆನೆಸಿ.

ಜೋಡಿಸಿ ಚೆಕ್ ತೆಗೆದೆ. ಗೆರೆಗಳು ಇನ್ನೂ ಕಡಿದಿದ್ದವು, ಆದರೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ಇಲ್ಲೇ ಬಹಳ ಜನ ಎದೆಗುಂದುತ್ತಾರೆ. ಕಡಿತ ಒಂದೇ ಜಾಗದಲ್ಲಿದ್ದರೆ ಕಟ್ಟಿಕೊಂಡಿದೆ, ಜಾಗ ಬದಲಿಸುತ್ತಿದ್ದರೆ ಗಾಳಿ ಸೇರಿದೆ. ಗಾಳಿಗೆ ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಬೇಡ, ಸುಮ್ನೆ ಬಿಡಬೇಕು. ಮರುದಿನ ಬೆಳಿಗ್ಗೆ ಎಲ್ಲ ಗೆರೆ ನೆಟ್ಟಗೆ ನಿಂತಿದ್ದವು. ಆ ಹಾಳೆಯನ್ನು ಇನ್ನೂ ಇಟ್ಟಿದ್ದೇನೆ.

ಖರ್ಚು: ಬ್ಯಾಟರಿ ನೀರು 25, ಸಿರಿಂಜ್ ಎರಡಕ್ಕೆ 15, ಸಲೈನ್ ಪೈಪ್ 30 ಇದ್ದಿರಬೇಕು.

ನೀರು ಬಿಟ್ಟರೆ ಹೆಡ್ ಸುಟ್ಟೇ ಹೋಗುತ್ತದೆ ಅಂತ ವಾದ ಮಾಡಿದ ಝೆರಾಕ್ಸ್ ಅಂಗಡಿಯ ಗೆಳೆಯ ಎರಡು ತಿಂಗಳಿಗೆ ತನ್ನ ಯಂತ್ರವನ್ನೇ ಹೊತ್ತು ತಂದ. ಅದೂ ಸರಿಹೋಯಿತು. ಇಲ್ಲಿಯವರೆಗೆ 14 ಯಂತ್ರ ಹಿಡಿದಿದ್ದೇನೆ, 11 ಎದ್ದಿವೆ. ಉಳಿದ ಮೂರರಲ್ಲಿ ಎರಡಕ್ಕೆ ನೀರು ಸಲೀಸಾಗಿ ಇಳಿಯುತ್ತಿತ್ತು, ಆದರೂ ಹಾಳೆ ಮೇಲೆ ಒಂದು ಗೆರೆ ಬರಲಿಲ್ಲ. ಅದು ಕರೆಂಟಿನ ದೋಷ, ನೆನೆಸಿ ಪ್ರಯೋಜನವಿಲ್ಲ. ಮೂರನೆಯದಕ್ಕೆ ಯಾರೋ ಮೊದಲೇ ಸ್ಪಿರಿಟ್ ತುಂಬಿದ್ದರು.

ನನ್ನದಕ್ಕೆ ಈಗ ವಾರಕ್ಕೊಂದು ಹಾಳೆ, ನಾಲ್ಕೂ ಬಣ್ಣದ ಪಟ್ಟಿ ಇರುವುದು, ತಪ್ಪದೆ ತೆಗೆಯುತ್ತೇನೆ. ಈ ಸಲ ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಪಕ್ಕದ ಮನೆಯ ಹುಡುಗನಿಗೆ ಬೀಗದ ಕೈ ಕೊಟ್ಟು, ಭಾನುವಾರ ಭಾನುವಾರ ಆ ಹಾಳೆ ತೆಗೆಯಲು ಹೇಳಿದ್ದೆ. ಬಂದು ನೋಡಿದರೆ ಒಂದು ಗೆರೆಯೂ ಕಡಿದಿರಲಿಲ್ಲ.

ಇದನ್ನು ಬರೆಯುವಾಗ ಹದಿನೈದನೆಯದು ಮೇಜಿನ ಮೇಲೆ ನೆನೆಯುತ್ತಿದೆ. ಪಕ್ಕದ ಓಣಿಯ ಮೇಡಂ ಒಬ್ಬರದು, ಎರಡು ವರ್ಷ ಮುಚ್ಚಿಟ್ಟಿದ್ದು. ಇವತ್ತು ಎರಡನೇ ರಾತ್ರಿ. ಬೆಳಿಗ್ಗೆ ಹಳದಿ ಬಂದಿತ್ತು, ಕಪ್ಪು ಇನ್ನೂ ಇಲ್ಲ.