ಹನಿ ಕಂಡಲ್ಲೇ ತೂತು ಹುಡುಕಬೇಡಿ

ಉಡುಪಿಯ ಮಳೆಗಾಲದಲ್ಲಿ ಭರಣಿಯೊಳಗಿನ ಉಪ್ಪೂ ನೀರೊಡೆಯುತ್ತದೆ. ಹಾಗಾಗಿ ಕಾರಿನ ಮ್ಯಾಟ್ ಒದ್ದೆಯಾದರೆ ಚಪ್ಪಲಿಯ ನೀರೆಂದು ಸುಮ್ಮನಾಗುತ್ತೇವೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ತಮ್ಮನ ಮಗನೂ ಹಾಗೆಯೇ ಮಾಡಿದ. ಮುಗ್ಗಲು ವಾಸನೆ ಎದ್ದಾಗ ಮಲ್ಲಿಗೆಯ ಸೆಂಟಿನ ಡಬ್ಬಿ ತಂದಿಟ್ಟು, ‘ಈಗ ಹೇಗಿದೆ ಅತ್ತೆ?’ ಎಂದು ಕೇಳಿದ. ಶಂಕರಪುರದ ಮಲ್ಲಿಗೆಯ ಅಟ್ಟೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಹಾಗಿದೆ ಎಂದೆ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಒಡೆದ ಹಂಚು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ. ಕಾರಿನಲ್ಲೂ ನೀರು ತಗ್ಗು ಹುಡುಕಿಕೊಂಡು ಹೋಗಿ ಕಾಲಡಿಯಲ್ಲಿ ನಿಲ್ಲುತ್ತದೆ.

ಮೊದಲು ಅದು ಯಾವ ನೀರು ಎಂದು ತಿಳಿಯಬೇಕು. ಮಳೆಯಿಲ್ಲದ ದಿನವೂ ಎಸಿ ಹಾಕಿ ಓಡಿಸಿದ ಮೇಲೆ ಮುಂದಿನ ಎಡಗಡೆಯ ಮ್ಯಾಟ್ ನೆನೆದಿದ್ದರೆ, ಕಾರಿನಡಿ ತೊಟ್ಟಿಕ್ಕಬೇಕಾದ ಎಸಿ ನೀರಿನ ಕೊಳವೆ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ನೀರು ಅಂಟಂಟಾಗಿ ಸಿಹಿ ವಾಸನೆ ಬಂದರೆ ಅದು ಎಂಜಿನ್ ತಂಪಾಗಿಸುವ ಕೂಲೆಂಟ್, ವಿಷ. ಮಕ್ಕಳನ್ನೂ ನಾಯಿಯನ್ನೂ ದೂರವಿಟ್ಟು ಮೆಕ್ಯಾನಿಕ್‌ಗೆ ತೋರಿಸಿ.

ಮಳೆಯ ನೀರೇ ಆದರೆ ನಾನು ಮೊದಲು ನೋಡುವುದು ವೈಪರ್‌ನ ಕೆಳಗಿನ ಜಾಲರಿಯನ್ನು. ಹುಡುಗ ಕಾರು ನಿಲ್ಲಿಸುತ್ತಿದ್ದುದು ನಮ್ಮ ಹಲಸಿನ ಮರದಡಿ. ಬಾನೆಟ್ ಎತ್ತಿ ಜಾಲರಿಯ ಮೂಲೆಗೆ ಒಂದು ಚೊಂಬು ನೀರು ಹೊಯ್ಯಿಸಿದೆ. ಸರಿಯಿದ್ದರೆ ಅದು ಕೂಡಲೇ ಚಕ್ರದ ಹಿಂದೆ ಇಳಿದು ಹೋಗಬೇಕು. ಇಳಿಯಲಿಲ್ಲ. ಕೈಹಾಕಿದರೆ ಎರಡು ಹಿಡಿ ಕೊಳೆತ ಎಲೆ, ಗೊಬ್ಬರದಷ್ಟು ಕಪ್ಪು ಮಣ್ಣು, ಜೊತೆಗೊಂದು ಎರೆಹುಳು! ಹೊರಹೋಗುವ ದಾರಿಯಿಲ್ಲದ ನೀರು ಗಾಳಿ ಎಳೆಯುವ ಬಾಯಿಯಿಂದ ಒಳಗಿಳಿದಿತ್ತು.

ಬಾಗಿಲಿನ ತಳದಂಚಿನಲ್ಲೂ ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಲ್ಲಿ ಇಳಿದ ನೀರು ಹೋಗಬೇಕಾದ್ದು ಅಲ್ಲಿಂದಲೇ. ಹಿಡಿಸೂಡಿಯ ಕಡ್ಡಿಯಿಂದ ಕೆದಕಿದರೆ ಸಾಕು. ಹೊಸ ಸ್ಪೀಕರ್ ಹಾಕಿಸಿದ ಮೇಲೆ ಸೋರಿಕೆ ಶುರುವಾಗಿದ್ದರೆ, ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೋ ಹರಿದಿರುತ್ತಾರೆ. ರಬ್ಬರ್ ಬೀಡಿಂಗ್ ಪರೀಕ್ಷೆಗೆ ಬಾಗಿಲಿನ ಸಂದಿಗೆ ಒಂದು ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಬಿಗಿಯಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರಡಿ ನೀರು ನಿಂತಿದೆಯೇ ಎಂದು ನೋಡಲು ಮರೆಯಬೇಡಿ.

ಇಷ್ಟಕ್ಕೂ ಸಿಗದಿದ್ದರೆ ಒಳಗೆ ಒಣ ಪತ್ರಿಕೆ ಹಾಸಿ, ಟಾರ್ಚ್ ಕೊಟ್ಟು ಒಬ್ಬರನ್ನು ಕೂರಿಸಿ, ಹೊರಗಿನಿಂದ ಪೈಪ್‌ನಲ್ಲಿ ಮೆಲ್ಲಗೆ ನೀರು ಬಿಡಿ. ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಸರ್ವಿಸ್ ಸ್ಟೇಷನ್ನಿನ ಜೋರು ನೀರಂತೂ ಬೇಡ, ಮಳೆ ನುಗ್ಗದ ಕಡೆಗೂ ಅದು ನುಗ್ಗುತ್ತದೆ.

ಸೋರಿಕೆ ನಿಂತಿತೆಂದು ಕೈತೊಳೆದುಕೊಳ್ಳಬೇಡಿ. ಕಾರ್ಪೆಟ್ಟಿನ ಅಡಿಯ ಸ್ಪಂಜು ನೀರು ಕುಡಿದು ಕೂತಿರುತ್ತದೆ. ಮೇಲೆ ಒಣಗಿದ್ದರೂ ಕೆಳಗೆ ತಗಡು ತುಕ್ಕು ಹಿಡಿಯುತ್ತದೆ. ಅಂಚನ್ನು ಎತ್ತಿ ತೆಂಗಿನ ಗೆರಟೆಯೊಂದನ್ನು ಅಡಿಗಿಟ್ಟು, ಚಾವಡಿಯ ಟೇಬಲ್ ಫ್ಯಾನನ್ನು ತೆರೆದ ಬಾಗಿಲಿಗೆ ಮುಖಮಾಡಿ ಬಿಡಿ. ಸೀಟಿನಡಿಯ ಹಳದಿ ವಯರುಗಳನ್ನು ಮುಟ್ಟಬೇಡಿ, ಅವು ಏರ್‌ಬ್ಯಾಗಿನವು. ಮೂರನೆಯ ದಿನ ಗೆರಟೆ ತೆಗೆದು, ಸ್ಪಂಜಿನ ಮೇಲೆ ಹಳೆಯ ಪತ್ರಿಕೆ ಇಟ್ಟು ಅಂಗೈಯಿಂದ ಒತ್ತಿ. ಕಾಗದದಲ್ಲಿ ತೇವದ ಕಲೆ ಕಂಡರೆ ಗೆರಟೆ ಮತ್ತೆ ಒಳಕ್ಕೆ, ಫ್ಯಾನ್ ಇನ್ನೊಂದು ದಿನ ತಿರುಗಲಿ.