ಇಬ್ಬರು, ಎರಡು ಬೆನ್ನುಚೀಲ: ಸಿಡ್ನಿಯಿಂದ ಕೇರ್ನ್ಸ್‌ವರೆಗೆ

ಆಸ್ಟ್ರೇಲಿಯಾದ ಪೂರ್ವ ಕರಾವಳಿಗೆ ಗಂಡ-ಹೆಂಡತಿ ಬೆನ್ನುಚೀಲ ಹೊತ್ತು ಹೋಗಬೇಕೆಂದಿದ್ದರೆ ಮೊದಲು ಕುಮಟಾದಿಂದ ಗೋಕರ್ಣಕ್ಕೆ ನಡೆಯಿರಿ. ಹೆದ್ದಾರಿಯಲ್ಲಲ್ಲ, ಕಡಲಂಚಿನಲ್ಲಿ, ಅಲ್ಲಿಗೆ ಒಯ್ಯುವ ಅದೇ ಚೀಲವನ್ನು ಹೊತ್ತು. ಅಘನಾಶಿನಿಯಿಂದ ತದಡಿಗೆ ಬಾರ್ಜಿನಲ್ಲಿ ಹೊಳೆ ದಾಟಿ, ಹಾಫ್ ಮೂನ್, ಓಂ, ಕುಡ್ಲೆ ಎಂದು ಒಂದೊಂದೇ ಗುಡ್ಡ ಹತ್ತಿಳಿದು ಗೋಕರ್ಣ ಮುಟ್ಟುವಷ್ಟರಲ್ಲಿ ಚೀಲದಲ್ಲಿ ಏನು ಹೆಚ್ಚಾಗಿದೆ ಎಂಬುದು ತಿಳಿಯುತ್ತದೆ. ಹಸಿದಾಗ ಇಬ್ಬರಲ್ಲಿ ಯಾರು ಮೊದಲು ಸಿಡುಕುತ್ತಾರೆ ಎಂಬುದೂ ತಿಳಿಯುತ್ತದೆ. ಈ ಎರಡನೆಯದನ್ನು ಡಾಲರ್ ಕೊಟ್ಟು ಕಲಿಯುವುದಕ್ಕಿಂತ ಊರಿನಲ್ಲೇ ಕಲಿಯುವುದು ಅಗ್ಗ.

ನಾನು ಕಾರವಾರದವಳು, ಶಾಲೆಯಲ್ಲಿ ಪಾಠ ಹೇಳುವವಳು. ನಮ್ಮವರು ಶಿರಸಿ ಕಡೆಯ ತೋಟದ ಮನೆಯವರು, ಮೀನು ಮುಟ್ಟುವುದಿಲ್ಲ. ಮುಂದೆ ಬರೆದದ್ದೆಲ್ಲ ಇಂತಹ ಒಂದು ಜೋಡಿಯ ಲೆಕ್ಕಾಚಾರ ಎಂದು ತಿಳಿದು ಓದಿ; ಇಪ್ಪತ್ತರ ಹರೆಯದವರು ತಮಗೆ ಬೇಕಾದಷ್ಟನ್ನು ಹೆಕ್ಕಿಕೊಳ್ಳಬಹುದು.

ಯಾವಾಗ ಹೋಗುವುದು? ನಮ್ಮ ಬೇಸಿಗೆ ರಜೆ ಅದೃಷ್ಟಕ್ಕೆ ಸರಿಯಾಗಿ ಹೊಂದುತ್ತದೆ. ಏಪ್ರಿಲ್‌ನಲ್ಲಿ ಸಿಡ್ನಿಯಲ್ಲಿ ಶರತ್ಕಾಲ. ಬಿಸಿಲು ಹಿತ, ಸಮುದ್ರ ಇನ್ನೂ ತಣ್ಣಗಾಗಿರುವುದಿಲ್ಲ. ಕೇರ್ನ್ಸ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ, ಸುಮಾರಾಗಿ ಮೇ ತನಕ ಪ್ರಾಣಕ್ಕೆ ಎರವಾಗಬಲ್ಲ ವಿಷದ ಜೆಲ್ಲಿ ಮೀನುಗಳ ಕಾಲ. ಆದ್ದರಿಂದ ಏಪ್ರಿಲ್‌ನಲ್ಲಿ ದಕ್ಷಿಣದಿಂದ ಹೊರಟು ಮೇ ಕೊನೆಗೆ ಉತ್ತರ ಮುಟ್ಟುವುದು ಲೇಸು. ತಿಮಿಂಗಿಲ ನೋಡಲೇಬೇಕೆಂದಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಅದೇ ರಾಜ್ಯದ ಹರ್ವಿ ಬೇಯಲ್ಲಿ ಅವು ಕಾಣಸಿಗುವುದು ಜುಲೈನಿಂದ ನವೆಂಬರ್‌ವರೆಗೆ. ಏಪ್ರಿಲ್‌ನಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ ಇರುವುದಿಲ್ಲ, ತೋಟಕ್ಕೆ ನೀರು ಬಿಡುವವರನ್ನು ಗೊತ್ತು ಮಾಡಿದರೆ ಸಾಕು. ನಮ್ಮಲ್ಲಿ ಆ ಭಾರ ಮೈದುನನ ಮೇಲೆ ಬಿತ್ತು.

ವೀಸಾ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪ್ರವಾಸಿಗರದು 600ನೇ ಉಪವರ್ಗದ ವೀಸಾ, ಅರ್ಜಿ ಆನ್‌ಲೈನ್‌ನಲ್ಲಿ. ದಂಪತಿಯಾದರೂ ಒಬ್ಬೊಬ್ಬರದೂ ಪ್ರತ್ಯೇಕ ಅರ್ಜಿ. ಮರಳಿ ಬರುತ್ತೀರಿ ಎಂಬುದಕ್ಕೆ ಆಧಾರ ಬೇಕು: ರಜೆ ಮಂಜೂರಾದ ಪತ್ರ, ಬ್ಯಾಂಕಿನ ವಿವರ, ತೋಟದ ಪಹಣಿ. ಮದುವೆ ನೋಂದಣಿ ಪತ್ರವನ್ನೂ ಜೊತೆಗಿಡಿ. ಮೂವತ್ತರ ಒಳಗಿನವರಿಗೆ ಇನ್ನೊಂದು ದಾರಿ ಇದೆ. ಅಲ್ಲಲ್ಲಿ ಕೆಲಸ ಮಾಡುತ್ತ ತಿರುಗಲು ಬಿಡುವ 462ನೇ ಉಪವರ್ಗದ ವೀಸಾ 2024ರಿಂದ ಭಾರತೀಯರಿಗೂ ತೆರೆದಿದೆ; 18ರಿಂದ 30 ವಯಸ್ಸಿನವರಿಗೆ, ವರ್ಷಕ್ಕೆ 1000 ಮಂದಿಗೆ, ಚೀಟಿ ಎತ್ತಿ. ಒಬ್ಬರ ಚೀಟಿ ಬಂದು ಇನ್ನೊಬ್ಬರದು ಬಾರದಿದ್ದರೆ ಏನು ಮಾಡುವುದೆಂದು ಅರ್ಜಿ ಹಾಕುವ ಮೊದಲೇ ಮಾತಾಡಿಕೊಳ್ಳಿ.

ಚೀಲ ತಲೆಗೊಂದು, ಹತ್ತು ಕಿಲೋ ಮೀರದಂತೆ. 'ನಿನ್ನದರಲ್ಲಿ ಸ್ವಲ್ಪ ಜಾಗ ಇದೆಯೇ' ಎಂಬ ಪ್ರಶ್ನೆಗೆ ಮೊದಲ ದಿನವೇ ಇಲ್ಲ ಎನ್ನಿ, ಏಕೆಂದರೆ ಆ ಪ್ರಶ್ನೆ ಒಮ್ಮೆಗೆ ಮುಗಿಯುವುದಲ್ಲ. ನಾಲ್ಕು ದಿನದ ಬಟ್ಟೆ ಸಾಕು. ಪ್ರವಾಸಿಗರು ತಂಗುವ ಹಾಸ್ಟೆಲ್‌ಗಳಲ್ಲಿ ನಾಣ್ಯ ಹಾಕಿ ಒಗೆಯುವ ಯಂತ್ರಗಳಿರುತ್ತವೆ. ದಪ್ಪ ಟವೆಲ್ ಬೇಡ, ತೆಳ್ಳನೆಯ ಪಂಚೆ ಒಯ್ಯಿರಿ. ಮೈ ಒರೆಸಲು, ಮರಳಿನ ಮೇಲೆ ಹಾಸಲು, ರಾತ್ರಿ ಬಸ್ಸಿನಲ್ಲಿ ಹೊದೆಯಲು ಅದೇ ಆಗುತ್ತದೆ, ಅರ್ಧ ಗಂಟೆಯಲ್ಲಿ ಒಣಗುತ್ತದೆ. ಮಲಗುಚೀಲ ಬೇಡ. ತಿಗಣೆಯ ಭಯದಿಂದ ಹಲವು ಹಾಸ್ಟೆಲ್‌ಗಳು ಅದನ್ನು ಒಳಗೆ ಬಿಡುವುದಿಲ್ಲ, ಹಾಸಿಗೆ ಬಟ್ಟೆ ಅವರೇ ಕೊಡುತ್ತಾರೆ. ಅಲ್ಲಿನ ಪ್ಲಗ್‌ನ ಕಡ್ಡಿಗಳು ಓರೆಯಾಗಿರುವುದರಿಂದ ನಮ್ಮ ಚಾರ್ಜರ್‌ಗೆ ಅಡಾಪ್ಟರ್ ಬೇಕು.

ತಿಂಡಿಯ ಗಂಟಿನ ಬಗ್ಗೆ ಎಚ್ಚರ. ಅತ್ತೆ ಕಟ್ಟಿಕೊಟ್ಟ ತುಪ್ಪದ ಡಬ್ಬಿ, ತೋಟದ ಬಾಳೆಹಣ್ಣು, ಹಸಿ ಮಾವಿನಮಿಡಿ, ಕವಳದ ಸಂಚಿ ಎಲ್ಲವೂ ಮನೆಯಲ್ಲೇ ಉಳಿಯಲಿ. ಹಲಸಿನ ಹಪ್ಪಳವೋ ಚಟ್ನಿಪುಡಿಯೋ ಒಯ್ದರೆ, ಇಳಿಯುವ ಮುನ್ನ ತುಂಬುವ ಚೀಟಿಯಲ್ಲಿ ಆಹಾರವಿದೆ ಎಂದು ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ಮುಚ್ಚಿಟ್ಟರೆ ಸ್ಥಳದಲ್ಲೇ ದಂಡ. ತೋಟದ ಕೆಸರು ಮೆತ್ತಿದ ಬೂಟೂ ಅವರ ಕಣ್ಣಿಗೆ ಅಪಾಯವೇ, ಹೊರಡುವ ಮೊದಲು ಉಜ್ಜಿ ತೊಳೆಯಿರಿ.

ಇನ್ನು ದಾರಿ. ನಮ್ಮ ಜಿಲ್ಲೆಯ ಕರಾವಳಿ ಇಡಿಯಾಗಿ ಸುಮಾರು 140 ಕಿಲೋಮೀಟರ್. ಸಿಡ್ನಿಯಿಂದ ಕೇರ್ನ್ಸ್‌ಗೆ ರಸ್ತೆಯಲ್ಲಿ ಸುಮಾರು 2400. ಇದನ್ನು ಕೇಳಿಯೂ ಎಲ್ಲ ಊರಲ್ಲಿ ಇಳಿಯುತ್ತೇನೆ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಆದರೆ ದಿನಕ್ಕೊಂದು ಊರು ಮಾಡಿದ ಜೋಡಿಗಳು ಹಾಸ್ಟೆಲಿನ ಅಡುಗೆಮನೆಯಲ್ಲಿ ಪರಸ್ಪರ ಮಾತಿಲ್ಲದೆ ಬ್ರೆಡ್ ತಿನ್ನುವುದನ್ನು ಬೇಕಾದಷ್ಟು ನೋಡಿದ್ದೇನೆ. ಆರೇಳು ಕಡೆ ನಿಲ್ಲಿ, ನಿಂತಲ್ಲಿ ಮೂರು ರಾತ್ರಿಯಾದರೂ ಇರಿ. ನಾನು ಆರಿಸುವುದು ಸಿಡ್ನಿ, ಬೈರನ್ ಬೇ, ಬ್ರಿಸ್ಬೇನ್, ರೇನ್‌ಬೋ ಬೀಚ್, ಏರ್ಲಿ ಬೀಚ್, ಮ್ಯಾಗ್ನೆಟಿಕ್ ದ್ವೀಪ, ಕೇರ್ನ್ಸ್. ಗೋಲ್ಡ್ ಕೋಸ್ಟ್‌ನ ಗಗನಚುಂಬಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಲದೇ?

ಗ್ರೇಹೌಂಡ್ ಬಸ್ಸುಗಳು ಈ ದಾರಿಯುದ್ದಕ್ಕೂ ಓಡುತ್ತವೆ. ಬಿಡಿ ಟಿಕೆಟ್‌ಗಿಂತ ಇಷ್ಟು ದಿನಕ್ಕೆಂದು ಸಿಗುವ ಪಾಸ್ ಅನುಕೂಲ, ಮನಸ್ಸು ಬಂದಲ್ಲಿ ಇಳಿದು ಹತ್ತಬಹುದು. ರೇನ್‌ಬೋ ಬೀಚ್‌ನಿಂದ ಏರ್ಲಿಗೆ ಹೋಗುವ ದೀರ್ಘ ಹಾದಿಯನ್ನು ರಾತ್ರಿಯೇ ಮುಗಿಸಿ, ಒಂದು ಬಾಡಿಗೆ ಉಳಿಯುತ್ತದೆ. ಕ್ವೀನ್ಸ್‌ಲ್ಯಾಂಡ್ ಪ್ರವೇಶಿಸಿದ ಮೇಲೆ ಊರೊಳಗಿನ ಓಡಾಟ ಬಹಳ ಸೋವಿ. 2024ರ ಆಗಸ್ಟ್‌ನಿಂದ ಅಲ್ಲಿ ಸ್ಥಳೀಯ ಬಸ್ಸು, ರೈಲು, ಬ್ರಿಸ್ಬೇನ್ ನದಿಯ ದೋಣಿ ಯಾವುದಕ್ಕೂ ಸವಾರಿಗೆ 50 ಸೆಂಟ್. ಕಾರೋ ವ್ಯಾನೋ ಬಾಡಿಗೆಗೆ ಪಡೆಯುವವರಿಗೆ ಎಡಬದಿಯ ಸಂಚಾರ ನಮ್ಮಂತೆಯೇ, ಅದೊಂದು ಸಮಾಧಾನ. ಆದರೆ ಮುಸ್ಸಂಜೆಯ ನಂತರ ಹೆದ್ದಾರಿಗೆ ಇಳಿಯಬೇಡಿ, ಕಾಂಗರೂಗಳು ರಸ್ತೆಗೆ ಹಾರುವ ಹೊತ್ತದು. ಕಡಲತೀರದ ಬದಿ ವ್ಯಾನ್ ನಿಲ್ಲಿಸಿ ಮಲಗಿದರೆ ಹಲವು ಊರುಗಳಲ್ಲಿ ಬೆಳಗಾಗುವುದರೊಳಗೆ ದಂಡದ ಚೀಟಿ ಗಾಜಿಗೆ ಅಂಟಿರುತ್ತದೆ.

ಮಲಗುವುದಕ್ಕೆ ಹಾಸ್ಟೆಲ್. ಡಾರ್ಮಿಟರಿಯ ಎರಡು ಹಾಸಿಗೆಗಳ ಬಾಡಿಗೆಯನ್ನು ಕೂಡಿಸಿ, ಅಲ್ಲೇ ಇರುವ ಇಬ್ಬರ ಕೋಣೆಯ ಬಾಡಿಗೆಯೊಡನೆ ಹೋಲಿಸಿ ನೋಡಿ; ಅಂತರ ಕಡಿಮೆಯಿದ್ದಲ್ಲೆಲ್ಲ ಕೋಣೆಯನ್ನೇ ಹಿಡಿಯಿರಿ. ಅಂತರ ದೊಡ್ಡದಿದ್ದಲ್ಲಿ ನಾನು ಹೆಂಗಸರ ಡಾರ್ಮಿಟರಿ, ಇವರು ಗಂಡಸರದು. ಆ ರಾತ್ರಿಗಳ ಮರುದಿನ ಇಬ್ಬರ ಮುಖದಲ್ಲೂ ಗೆಲುವು ಹೆಚ್ಚಿರುತ್ತಿತ್ತು. ಇವರ ಗೊರಕೆಯಿಂದ ನನಗೆ ಬಿಡುವು, ನನ್ನ ಸೂಚನೆಗಳಿಂದ ಇವರಿಗೆ.

ಅಡುಗೆಮನೆಯೇ ಈ ಪ್ರವಾಸದ ಖಜಾನೆ. ಹೊರಗೆ ಉಂಡರೆ ದುಡ್ಡು ನೀರಿನಂತೆ ಹರಿಯುತ್ತದೆ. ಸಿಡ್ನಿಯ ಪರಮಟ್ಟಾ ಬಳಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಸಾಲು ಸಾಲು ಭಾರತೀಯ ಅಂಗಡಿಗಳಿವೆ. ತೊಗರಿಬೇಳೆ, ಸಾಸಿವೆ, ಇಂಗು, ಹುಣಸೆ, ದಪ್ಪ ಅವಲಕ್ಕಿಯನ್ನು ಅಲ್ಲೇ ಕಟ್ಟಿಸಿಕೊಳ್ಳಿ. ಉಳಿದದ್ದು ಕೋಲ್ಸ್, ವುಲ್ವರ್ತ್ಸ್, ಆಲ್ಡಿ ಎಂಬ ಸೂಪರ್ ಮಾರ್ಕೆಟ್ಟುಗಳಲ್ಲಿ ಸಿಗುತ್ತದೆ. ಮೊದಲೆರಡರಲ್ಲಿ ವಾರದ ರಿಯಾಯಿತಿ ಬುಧವಾರ ಬದಲಾಗುತ್ತದೆ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿಗೆ ಕಾಸು ಸುರಿಯಬೇಡಿ. ಹಾಸ್ಟೆಲ್‌ಗಳಲ್ಲಿ 'ಉಚಿತ' ಎಂದು ಬರೆದ ಒಂದು ಕಪಾಟು ಇರುತ್ತದೆ, ಹೊರಟವರು ಬಿಟ್ಟುಹೋದ ಅಕ್ಕಿ, ಉಪ್ಪು, ಎಣ್ಣೆ ಅಲ್ಲಿ. ನಾಚಿಕೆ ಬೇಡ, ಮೊದಲು ಅದನ್ನೇ ನೋಡಿ.

ಒಗ್ಗರಣೆಗೆ ಮಾತ್ರ ಒಂದು ನಿಯಮವಿದೆ. ಅಲ್ಲಿನ ಹೊಗೆ ಗಂಟೆಗಳಿಗೆ ಒಣಮೆಣಸಿನ ಘಾಟು ಮತ್ತು ಬೆಂಕಿ ಎರಡೂ ಒಂದೇ. ಗಂಟೆ ಹೊಡೆದು ಅಗ್ನಿಶಾಮಕ ವಾಹನ ಬಂದರೆ ಅದರ ಖರ್ಚು ನಿಮ್ಮ ತಲೆಗೆ ಬರಬಹುದು. ಹೊಗೆ ಎಳೆಯುವ ಫ್ಯಾನ್ ಹಾಕಿ, ಸಣ್ಣ ಉರಿಯಲ್ಲಿ ಸಾಸಿವೆ ಸಿಡಿಸಿ, ಮೆಣಸನ್ನು ಒಲೆ ಆರಿಸಿದ ಮೇಲೆ ಬಿಸಿ ಎಣ್ಣೆಗೆ ಹಾಕಿ ಮುಚ್ಚಿಬಿಡಿ. ತಂಬುಳಿ ಮಾಡುವ ಮನೆಯವರಾದರೆ ಕಷ್ಟವೇ ಇಲ್ಲ. ಸೂಪರ್ ಮಾರ್ಕೆಟ್ಟಿನ ಗಟ್ಟಿ ಮೊಸರು, ಶುಂಠಿ, ಜೀರಿಗೆ ಸಾಕು. ಮೀನು ತಿನ್ನುವವರು ಕ್ವೀನ್ಸ್‌ಲ್ಯಾಂಡ್‌ನ ಅಂಗಡಿಯಲ್ಲಿ ಸ್ಪ್ಯಾನಿಷ್ ಮ್ಯಾಕೆರಲ್ ಎಂದು ಕೇಳಿ. ಅದು ನಮ್ಮ ಇಸ್ವಾಣವೇ. ಕಡಲತೀರದ ಉದ್ಯಾನಗಳಲ್ಲಿ ಸಾರ್ವಜನಿಕರಿಗೆಂದು ಇಟ್ಟ ವಿದ್ಯುತ್ ಕಾವಲಿಗಳ ಮೇಲೆ ಪುಕ್ಕಟೆಯಾಗಿ ಹುರಿದುಕೊಳ್ಳಬಹುದು. ಇವರು ಮೊದಲು ತಮ್ಮ ಜೋಳದ ತೆನೆ ಸುಟ್ಟುಕೊಂಡು ದೂರದ ಬೆಂಚಿಗೆ ಹೋಗುತ್ತಿದ್ದರು, ಆಮೇಲೆ ಕಾವಲಿ ನನ್ನದು.

ಸಮುದ್ರದ ಬಗ್ಗೆ ನಮ್ಮ ಕಡೆಯವರಿಗೆ ಒಂದು ಹುಂಬತನವಿದೆ, ಹುಟ್ಟಿದ್ದೇ ದಂಡೆಯಲ್ಲಿ ಎಂದು. ಅದನ್ನು ಬಿಡಿ. ಕೆಂಪು-ಹಳದಿ ಬಾವುಟಗಳೆರಡರ ನಡುವೆ ಮಾತ್ರ ನೀರಿಗಿಳಿಯಿರಿ. ಅಷ್ಟು ಭಾಗದ ಮೇಲೆ ಜೀವರಕ್ಷಕರ ಕಣ್ಣಿರುತ್ತದೆ. ಅಲೆ ಒಡೆಯದೆ ಶಾಂತವಾಗಿ, ತುಸು ಕಪ್ಪಾಗಿ ಕಾಣುವ ಪಟ್ಟಿಯೇ ಸೆಳೆತ ಇರುವ ಜಾಗ, ಹೊಸಬರು ಈಜಲು ಆರಿಸುವುದೂ ಅದನ್ನೇ. ಸಿಕ್ಕಿಬಿದ್ದರೆ ದಡದ ಕಡೆ ಎದುರೀಜಬೇಡಿ. ಮೈ ಸಡಿಲ ಬಿಟ್ಟು ತೇಲಿ, ಕೈ ಎತ್ತಿ ಕರೆಯಿರಿ. ಒಬ್ಬರು ನೀರಿನಲ್ಲಿದ್ದರೆ ಇನ್ನೊಬ್ಬರು ದಡದಲ್ಲಿ, ಮೊಬೈಲ್ ನೋಡದೆ. ತುರ್ತು ಸಂಖ್ಯೆ 000. ಉತ್ತರದಲ್ಲಿ ಜೆಲ್ಲಿ ಮೀನಿನ ಕಾಲದಲ್ಲಿ ಬಲೆ ಕಟ್ಟಿದ ಜಾಗದಲ್ಲಿ ಮಾತ್ರ ಈಜು. ದಂಡೆಯ ಕಂಬದಲ್ಲಿ ವಿನೆಗರ್ ಬಾಟಲಿ ಇಟ್ಟಿರುವುದು ಅದರ ಕುಟುಕಿಗೆ. ಅಳಿವೆಗಳ ಬಳಿ ಮೊಸಳೆ ಫಲಕ ಕಂಡರೆ ಕಾಲು ತೊಳೆಯಲೂ ಹೋಗಬೇಡಿ.

ರೇನ್‌ಬೋ ಬೀಚ್‌ನಿಂದ ಕ್‌ಗಾರಿಗೆ ಹೋಗಬಹುದು. ಹಿಂದೆ ಫ್ರೇಸರ್ ದ್ವೀಪ ಎನ್ನುತ್ತಿದ್ದರು, 2023ರಲ್ಲಿ ಅಲ್ಲಿನ ಮೂಲನಿವಾಸಿಗಳ ಹೆಸರು ಅಧಿಕೃತವಾಗಿ ಮರಳಿತು. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ. ಮರಳದಂಡೆಯೇ ಅಲ್ಲಿ ಹೆದ್ದಾರಿ, ಉಬ್ಬರದ ಹಿಂದೆ ಮುಂದೆ ಎರಡೆರಡು ಗಂಟೆ ಗಾಡಿ ಇಳಿಸಬಾರದು. ಸ್ವಂತ ಸಾಹಸ ಬೇಡ, ಗುಂಪಿನ ಪ್ರವಾಸದಲ್ಲಿ ಹೋಗಿ. ಡಿಂಗೊ ಎಂಬ ಕಾಡುನಾಯಿಗಳಿರುವುದರಿಂದ ಶೌಚಾಲಯಕ್ಕೂ ಜೊತೆಯಾಗಿಯೇ ನಡೆಯಬೇಕು.

ಜಗಳ ತಪ್ಪಿಸಲು ನಮ್ಮಲ್ಲಿ ಕೆಲಸ ಮಾಡಿದ್ದು ಯಜಮಾನಿಕೆಯ ಪಾಳಿ. ಬೆಸ ದಿನಾಂಕ ನನ್ನದು, ಸಮ ದಿನಾಂಕ ಇವರದು. ಆ ದಿನ ಎಲ್ಲಿಗೆ, ಎಷ್ಟು ಹೊತ್ತಿಗೆ, ಏನು ಅಡುಗೆ ಎಂಬುದೆಲ್ಲ ಪಾಳಿಯವರ ಮಾತು. ಇನ್ನೊಬ್ಬರಿಗೆ ಗೊಣಗುವ ಹಕ್ಕು ಮಾತ್ರ. 31 ಮತ್ತು 1 ಎರಡೂ ಬೆಸ ಎಂಬುದು ಇವರಿಗೆ ಹೊಳೆದಾಗ ತಡವಾಗಿತ್ತು. ವಾರಕ್ಕೊಂದು ಬೆಳಗ್ಗೆ ಬೇರೆ ಬೇರೆ ತಿರುಗಿ. ಇವರು ಬೈರನ್ ಬೇ ದೀಪಸ್ತಂಭದ ಗುಡ್ಡ ಹತ್ತಿ ಆಸ್ಟ್ರೇಲಿಯಾದ ಮುಖ್ಯಭೂಮಿಯ ಪೂರ್ವದ ತುದಿಯಲ್ಲಿ ನಿಂತು ಬಂದರು, ನಾನು ಅಷ್ಟು ಹೊತ್ತೂ ನೀರಿನಲ್ಲಿದ್ದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಹೇಳಲು ಇಬ್ಬರಿಗೂ ಏನಾದರೂ ಇರುತ್ತದೆ. ದುಡ್ಡಿನ ಕಾರ್ಡ್ ಇಬ್ಬರ ಬಳಿಯೂ ಬೇರೆ ಬೇರೆ ಇರಲಿ. ಒಂದು ಕಳೆದರೆ ಇನ್ನೊಂದು ನಡೆಯುತ್ತದೆ, ಐಸ್‌ಕ್ರೀಮ್‌ಗೆ ಲೆಕ್ಕ ಒಪ್ಪಿಸುವುದೂ ತಪ್ಪುತ್ತದೆ.

ಕೇರ್ನ್ಸ್‌ಗೆ ಮುಂಚೆ ಟಲ್ಲಿ ಎಂಬ ಊರು ಬರುತ್ತದೆ. ಬಸ್ ನಿಂತರೆ ಇಳಿದು ನೋಡಿ. 1950ರಲ್ಲಿ ಅಲ್ಲಿ ಬಿದ್ದ ಮಳೆಯ ಎತ್ತರಕ್ಕೆ, ಅಂದರೆ 7.9 ಮೀಟರ್‌ಗೆ, ಬಂಗಾರ ಬಣ್ಣದ ಬೂಟು ಕಟ್ಟಿ ನಿಲ್ಲಿಸಿದ್ದಾರೆ. ಮಳೆಯ ಬಗ್ಗೆ ಜಂಬ ಕೊಚ್ಚುವ ಶಿರಸಿ-ಸಿದ್ದಾಪುರದವರು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಉತ್ತರದ ದಂಡೆಗಳಲ್ಲಿ ಕಾಣುವ ಗಾಳಿಮರ, ಅಕೇಶಿಯಾಗಳನ್ನು ನೋಡಿ 'ಅರಣ್ಯ ಇಲಾಖೆ ಇಲ್ಲಿಗೂ ಬಂತೇ' ಎಂದರು ಇವರು. ಅವುಗಳ ತವರೇ ಅದು.

ಮರಳುವಾಗ ಒಂದು ಲಾಭ ಇದೆ. ಒಂದೇ ವ್ಯಾಪಾರಿಯಿಂದ 300 ಡಾಲರ್ ಅಥವಾ ಹೆಚ್ಚಿನ ಸಾಮಾನು ಕೊಂಡಿದ್ದರೆ, ಹೊರಡುವ ಮುಂಚಿನ 60 ದಿನಗಳೊಳಗಿನ ಬಿಲ್ ತೋರಿಸಿ ವಿಮಾನ ನಿಲ್ದಾಣದಲ್ಲಿ ತೆರಿಗೆ ವಾಪಸ್ ಕೇಳಬಹುದು. ವಸ್ತುವನ್ನೂ ತೋರಿಸಬೇಕಾಗಬಹುದು, ಆದ್ದರಿಂದ ಅದನ್ನು ಕೈಚೀಲದಲ್ಲಿಡಿ. ವಿಮಾನ ಹೊರಡಲು ಅರ್ಧ ಗಂಟೆ ಇರುವಾಗ ಆ ಕಿಟಕಿ ನಿಮ್ಮ ಪಾಲಿಗೆ ಮುಚ್ಚುತ್ತದೆ, ಸಾಲು ಉದ್ದ ಇರುತ್ತದೆ. ಒಬ್ಬರು ಅಲ್ಲಿ ನಿಲ್ಲಿ, ಇನ್ನೊಬ್ಬರು ಚಹಾ ತನ್ನಿ.